ನಾಯ್ಸ್‌ಗಿಂತ ದುರ್ಬಲವಾದ ಸಿಗ್ನಲ್ಲನ್ನು ರಿಸೀವರ್ ಹೇಗೆ ಪತ್ತೆ ಹಚ್ಚುತ್ತದೆ?

ನೀವು ಕೇಳಿರುವುದು ಎರಡು ವಿಷಯ. ಜಿಪಿಎಸ್ ಸಿಗ್ನಲ್ ನಾಯ್ಸ್‌ಗಿಂತ ಕೆಳಗಿರುತ್ತದೆ ಅಂತ ಓದಿದ್ದೀರಿ, ಹಾಗಿದ್ದರೆ ಫೋನಿಗೆ ಅದು ಸಿಗುವುದಾದರೂ ಹೇಗೆ, ಒಳ್ಳೆಯ ಫಿಲ್ಟರ್ ಹಾಕಿದರೆ ಸಾಕಾ ಅನ್ನುವುದು ಒಂದು. ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಕೋರ್ಸಿನಲ್ಲಿ ಲೆಕ್ಕ ಮಾಡಿಸುವ ಕಾನ್ವಲ್ಯೂಷನ್ (ಒಂದು ಸಿಗ್ನಲ್ಲನ್ನು ಹಿಂದುಮುಂದು ಮಾಡಿ ಇನ್ನೊಂದರ ಮೇಲೆ ಸರಿಸುತ್ತಾ ಗುಣಿಸಿ ಕೂಡಿಸುವುದು), ಎಫ್‌ಎಫ್‌ಟಿ (ಸಿಗ್ನಲ್ಲಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಬೇಗ ಲೆಕ್ಕ ಹಾಕುವ ವಿಧಾನ), ಅಡಾಪ್ಟಿವ್ ಫಿಲ್ಟರ್ (ತನ್ನನ್ನು ತಾನೇ ತಿದ್ದಿಕೊಳ್ಳುವ ಫಿಲ್ಟರ್) ಇವೆಲ್ಲ ನಿಜವಾದ ಸಾಧನದೊಳಗೆ ಎಲ್ಲಿ ಕೂತಿರುತ್ತವೆ ಅನ್ನುವುದು ಇನ್ನೊಂದು. ರಿಸೀವರ್‌ಗಳ ಬೇಸ್‌ಬ್ಯಾಂಡ್ ಕೋಡ್ ಬರೆಯುವುದೇ ನನ್ನ ಕೆಲಸ. ನನ್ನ ಮಟ್ಟಿಗೆ ಈ ಎರಡು ಪ್ರಶ್ನೆಗಳೂ ಒಂದೇ. ಎರಡರ ಬುಡಕ್ಕೆ ಹೋದರೂ ಸಿಗುವುದು ಕೋರಿಲೇಶನ್, ಅಂದರೆ ಎರಡು ಸಿಗ್ನಲ್‌ಗಳನ್ನು ಗುಣಿಸಿ ಕೂಡಿಸಿ ಅವು ಎಷ್ಟು ಹೋಲುತ್ತವೆ ಅಂತ ಅಳೆಯುವುದು.

ಮೊದಲು ಫಿಲ್ಟರ್ ಯಾಕೆ ಸಾಲದು ಅಂತ ನೋಡೋಣ. ಫಿಲ್ಟರ್ ತೆಗೆದುಹಾಕುವುದು ಬ್ಯಾಂಡಿನ ಆಚೆ ಇರುವ ನಾಯ್ಸನ್ನು ಮಾತ್ರ. ಆದರೆ ಥರ್ಮಲ್ ನಾಯ್ಸ್ (ಶಾಖದಿಂದ ತಾನಾಗಿ ಹುಟ್ಟುವ ನಾಯ್ಸ್) ನಿಮ್ಮ ಬ್ಯಾಂಡಿನ ಒಳಗೂ ಅಷ್ಟೇ ಧಾರಾಳವಾಗಿ ಇರುತ್ತದೆ. ಸಾಮಾನ್ಯ ಉಷ್ಣಾಂಶದಲ್ಲಿ ಅದು ಪ್ರತಿ ಹರ್ಟ್ಜ್‌ಗೆ ಸುಮಾರು ಮೈನಸ್ 174 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಪವರನ್ನು ಡೆಸಿಬೆಲ್, ಅಂದರೆ ಡಿಬಿಯಲ್ಲಿ ಹೇಳುವ ಅಳತೆ; ಪ್ರತಿ 10 ಡಿಬಿಗೆ ಪವರ್ ಹತ್ತು ಪಟ್ಟು). ಜಿಪಿಎಸ್‌ನ ಸಾರ್ವಜನಿಕ ಸಿಗ್ನಲ್ 1575.42 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ, ಅದರ ಅಗಲ ಸುಮಾರು 2 ಮೆಗಾಹರ್ಟ್ಜ್. ಅಷ್ಟು ಅಗಲದಲ್ಲಿ ಸೇರುವ ನಾಯ್ಸ್ ಮೈನಸ್ 111 ಡಿಬಿಎಂ. 20,200 ಕಿಲೋಮೀಟರ್ ಎತ್ತರದಿಂದ ಇಳಿದು ಬರುವ ಸಿಗ್ನಲ್ ಮೈನಸ್ 130ರ ಆಸುಪಾಸು. ವ್ಯತ್ಯಾಸ 19 ಡಿಬಿ, ಅಂದರೆ ನಾಯ್ಸ್ ಸಿಗ್ನಲ್ಲಿಗಿಂತ ಸುಮಾರು ಎಂಬತ್ತು ಪಟ್ಟು ಬಲಶಾಲಿ. ಫಿಲ್ಟರನ್ನು ಇನ್ನೂ ಕಿರಿದು ಮಾಡಲು ಹೊರಟರೆ ಸಿಗ್ನಲ್ಲೇ ಕತ್ತರಿಸಿಹೋಗುತ್ತದೆ. ಈ ಸ್ಥಿತಿಯಲ್ಲಿ ಆಸಿಲೋಸ್ಕೋಪಿನಲ್ಲಾಗಲಿ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಾಗಲಿ ನೋಡಿದರೆ ಬರೀ ನಾಯ್ಸ್ ಕಾಣುತ್ತದೆ, ಸಿಗ್ನಲ್ಲಿನ ಸುಳಿವೂ ಇರುವುದಿಲ್ಲ.

ರಿಸೀವರ್ ಕೈಯಲ್ಲಿರುವ ಒಂದೇ ಅನುಕೂಲ ಏನೆಂದರೆ, ಬರಬೇಕಾದ ಸಿಗ್ನಲ್ಲಿನ ಆಕಾರ ಅದಕ್ಕೆ ಮೊದಲೇ ಗೊತ್ತು. ಅದೊಂದು ಗೊತ್ತಿದ್ದರೆ ಏನೆಲ್ಲ ಸಾಧ್ಯ ಅನ್ನುವುದನ್ನು ಸಣ್ಣ ಉದಾಹರಣೆಯಲ್ಲಿ ಕೈಯಾರೆ ಲೆಕ್ಕ ಹಾಕಿ ನೋಡಿ. ಏಳು ಚಿಪ್‌ಗಳ (ಕೋಡಿನ ಒಂದೊಂದು +1 ಅಥವಾ −1ಕ್ಕೆ ಚಿಪ್ ಅನ್ನುತ್ತಾರೆ) ಬಾರ್ಕರ್ ಕೋಡ್ ಹೀಗಿದೆ: +1, +1, +1, −1, −1, +1, −1. ಅದೇ ಕೋಡಿನ ಇನ್ನೊಂದು ಪ್ರತಿಯನ್ನು ಅದರ ಕೆಳಗೆ ಬರೆದು ಒಂದೊಂದೇ ಜೋಡಿಯನ್ನು ಗುಣಿಸಿ ಕೂಡಿಸಿ. ಎರಡೂ ಸರಿಯಾಗಿ ಹೊಂದಿಕೊಂಡಾಗ ಏಳೂ ಗುಣಲಬ್ಧಗಳು +1, ಮೊತ್ತ 7. ಈಗ ಕೆಳಗಿನ ಸಾಲನ್ನು ಒಂದು ಸ್ಥಾನ ಸರಿಸಿ. ಆರು ಜೋಡಿ ಉಳಿಯುತ್ತವೆ, ಮೂರು +1 ಮತ್ತು ಮೂರು −1, ಮೊತ್ತ ಸೊನ್ನೆ. ಎರಡು ಸ್ಥಾನ ಸರಿಸಿದರೆ −1. ಮೂರು ಸರಿಸಿದರೆ ಮತ್ತೆ ಸೊನ್ನೆ. ಎಷ್ಟೇ ಸರಿಸಿದರೂ ಸೊನ್ನೆ ಇಲ್ಲವೇ −1, ಹೊಂದಿಕೊಂಡ ಕ್ಷಣದಲ್ಲಿ ಮಾತ್ರ 7. ಕೋಡ್ ಬಂದಿದೆ ಅನ್ನುವುದೂ, ಯಾವ ಕ್ಷಣಕ್ಕೆ ಬಂತು ಅನ್ನುವುದೂ ಆ ಒಂದೇ ಪೀಕ್‌ನಿಂದ ತಿಳಿಯುತ್ತದೆ.

ಇದಕ್ಕೆ ನಾಯ್ಸ್ ಸೇರಿಸಿದರೆ ಏನಾಗುತ್ತದೆ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ಎನ್ ಚಿಪ್‌ಗಳನ್ನು ಗುಣಿಸಿ ಕೂಡಿಸಿದಾಗ ಸಿಗ್ನಲ್ಲಿನ ಪಾಲು ಪ್ರತಿಸಲವೂ ಒಂದೇ ದಿಕ್ಕಿಗೆ ಸೇರಿ ಎನ್ ಪಟ್ಟು ಬೆಳೆಯುತ್ತದೆ. ನಾಯ್ಸಿಗೆ ನಮ್ಮ ಕೋಡಿನ ಜೊತೆ ಯಾವ ಸಂಬಂಧವೂ ಇಲ್ಲದ್ದರಿಂದ ಅದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಳೆದು, ಕೊನೆಗೆ ಎನ್‌ನ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. ಪವರ್ ಲೆಕ್ಕದಲ್ಲಿ ನಮ್ಮ ಗಳಿಕೆ ಎನ್ ಪಟ್ಟು. ಒಂದೊಂದು ಸ್ಯಾಂಪಲ್ಲನ್ನೂ ಬೇರೆಬೇರೆ ನೋಡಿದರೆ ನಾಯ್ಸ್ ಗೆದ್ದಿರುತ್ತದೆ, ಸಾಲಾಗಿ ಕೂಡಿಸಿದರೆ ಸಿಗ್ನಲ್ ಗೆಲ್ಲುತ್ತದೆ. ಇದನ್ನೇ ಮ್ಯಾಚ್ಡ್ ಫಿಲ್ಟರ್ (ಬರಬೇಕಾದ ಸಿಗ್ನಲ್ಲಿನ ಆಕಾರಕ್ಕೇ ಹೊಂದಿಸಿದ ಫಿಲ್ಟರ್) ರೂಪದಲ್ಲಿ 1943ರಲ್ಲಿ ಆರ್‌ಸಿಎ ಪ್ರಯೋಗಾಲಯದ ಡಿ. ಒ. ನಾರ್ತ್ ರೇಡಾರ್ ಸಂಬಂಧದ ವರದಿಯೊಂದರಲ್ಲಿ ಬರೆದಿಟ್ಟರು. ವೈಟ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಸಮನಾಗಿ ಹರಡಿದ ನಾಯ್ಸ್) ಇದ್ದಾಗ ಸಿಗ್ನಲ್ ಮತ್ತು ನಾಯ್ಸ್ ಅನುಪಾತವನ್ನು ಇದಕ್ಕಿಂತ ಮೇಲಕ್ಕೆ ಏರಿಸುವ ಲೀನಿಯರ್ ಫಿಲ್ಟರ್ ಇಲ್ಲ. ಇಡೀ ಸಂವಹನ ಶಾಸ್ತ್ರದಲ್ಲಿ ನನಗೆ ಅತಿ ಚೆಂದ ಅನ್ನಿಸುವ ಫಲಿತಾಂಶ ಇದು.

ಈಗ ಜಿಪಿಎಸ್‌ಗೆ ಬನ್ನಿ. ಪ್ರತಿ ಉಪಗ್ರಹಕ್ಕೂ 1023 ಚಿಪ್‌ಗಳ ತನ್ನದೇ ಗೋಲ್ಡ್ ಕೋಡ್ ಇದೆ, 1 ಮಿಲಿಸೆಕೆಂಡಿಗೊಮ್ಮೆ ಅದು ಪುನರಾವರ್ತನೆ ಆಗುತ್ತದೆ. ರಾಬರ್ಟ್ ಗೋಲ್ಡ್ ಈ ಕೋಡ್ ಕುಟುಂಬವನ್ನು 1967ರಲ್ಲಿ ಪ್ರಕಟಿಸಿದರು. ಹೊಂದಿಕೊಂಡಾಗ ಮೊತ್ತ 1023. ಹೊಂದದಿದ್ದಾಗಲೂ, ಬೇರೆ ಉಪಗ್ರಹದ ಕೋಡಿನ ಜೊತೆ ಗುಣಿಸಿದಾಗಲೂ ಬರುವುದು −1, 63, −65 ಈ ಮೂರರಲ್ಲಿ ಒಂದು. ಎಲ್ಲ ಉಪಗ್ರಹಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಏಕಕಾಲಕ್ಕೆ ಕಳಿಸುತ್ತಿದ್ದರೂ ಕಲಸುಮೇಲೋಗರ ಆಗದಿರುವುದು ಇದರಿಂದಲೇ. ಸೆಕೆಂಡಿಗೆ 20.48 ಲಕ್ಷ ಸ್ಯಾಂಪಲ್ ತೆಗೆದುಕೊಂಡರೆ ಒಂದು ಮಿಲಿಸೆಕೆಂಡಿಗೆ 2048 ಸ್ಯಾಂಪಲ್. ಅಷ್ಟನ್ನು ಕೂಡಿಸಿದರೆ ಗಳಿಕೆ 33 ಡಿಬಿ. ಮೈನಸ್ 19 ಇದ್ದದ್ದು ಪ್ಲಸ್ 14 ಆಯಿತು. ರಿಸೀವರ್ ಸರ್ಕ್ಯೂಟಿನ ಸ್ವಂತ ನಾಯ್ಸಿಗೆಂದು ಎರಡು ಮೂರು ಡಿಬಿ ಬಿಟ್ಟುಕೊಟ್ಟರೂ ಪೀಕ್ ತಲೆ ಎತ್ತಿ ನಿಲ್ಲುತ್ತದೆ.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನಮ್ಮ ಕೆಲಸ ಶುರುವಾಗುವುದೇ ಇಲ್ಲಿಂದ. ಉಪಗ್ರಹ ಚಲಿಸುತ್ತಿರುವುದರಿಂದ ಫ್ರೀಕ್ವೆನ್ಸಿ ಕೆಲವು ಕಿಲೋಹರ್ಟ್ಜ್ ಅತ್ತಿತ್ತ ಸರಿದಿರುತ್ತದೆ, ಅಗ್ಗದ ಆಸಿಲೇಟರ್ ತನ್ನ ಪಾಲಿನ ತಪ್ಪನ್ನೂ ಸೇರಿಸುತ್ತದೆ. ಒಂದು ಮಿಲಿಸೆಕೆಂಡ್ ಕೂಡಿಸುವಾಗ ಫ್ರೀಕ್ವೆನ್ಸಿ ಸರಿಯಾಗಿ 1 ಕಿಲೋಹರ್ಟ್ಜ್ ತಪ್ಪಿದ್ದರೆ ಆ ಅವಧಿಯಲ್ಲಿ ಸಿಗ್ನಲ್ಲಿನ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನುವುದು) ಪೂರ್ತಿ ಒಂದು ಸುತ್ತು ತಿರುಗುತ್ತದೆ. ಮೊದಲರ್ಧದಲ್ಲಿ ಗಳಿಸಿದ್ದನ್ನು ಎರಡನೆಯ ಅರ್ಧ ಅಳಿಸಿಹಾಕಿ ಮೊತ್ತ ಸೊನ್ನೆಯಾಗುತ್ತದೆ. ಕೋಡ್ ಸರಿಯಾಗಿ ಹೊಂದಿಕೊಂಡಿದ್ದರೂ ಪೀಕ್ ನಾಪತ್ತೆ! ಹಾಗಾಗಿ ಪ್ಲಸ್ ಮೈನಸ್ 5 ಕಿಲೋಹರ್ಟ್ಜ್ ವ್ಯಾಪ್ತಿಯಲ್ಲಿ 500 ಹರ್ಟ್ಜ್‌ಗೊಂದರಂತೆ 21 ಫ್ರೀಕ್ವೆನ್ಸಿಗಳನ್ನು, ಪ್ರತಿಯೊಂದಕ್ಕೂ 2048 ಸ್ಥಾನಗಳನ್ನು ಹುಡುಕಬೇಕು. ಒಂದೊಂದು ಉಪಗ್ರಹಕ್ಕೂ 43,008 ಕೋಣೆಗಳು.

ಎಫ್‌ಎಫ್‌ಟಿ ಪ್ರವೇಶಿಸುವುದು ಈ ಜಾಗದಲ್ಲಿ. ಕಾನ್ವಲ್ಯೂಷನ್ ಅಂದರೆ ಫ್ರೀಕ್ವೆನ್ಸಿ ಡೊಮೇನಿನಲ್ಲಿ ಬರೀ ಗುಣಾಕಾರ ಅನ್ನುವ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ. ಒಂದು ಫ್ರೀಕ್ವೆನ್ಸಿಗೆ 2048 ಸ್ಥಾನಗಳನ್ನು ನೇರವಾಗಿ ಲೆಕ್ಕ ಹಾಕಿದರೆ ಸುಮಾರು 42 ಲಕ್ಷ ಗುಣಾಕಾರ. ಅದರ ಬದಲು ಬಂದ ಸ್ಯಾಂಪಲ್‌ಗಳ ಎಫ್‌ಎಫ್‌ಟಿ ತೆಗೆದು, ಮೊದಲೇ ಲೆಕ್ಕ ಹಾಕಿಟ್ಟ ಕೋಡಿನ ಎಫ್‌ಎಫ್‌ಟಿಯ ಕಾಂಜುಗೇಟ್‌ನಿಂದ (ಸಂಕೀರ್ಣ ಸಂಖ್ಯೆಯ ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ ರೂಪ) ಗುಣಿಸಿ, ಇನ್ವರ್ಸ್ ತೆಗೆದರೆ 2048 ಉತ್ತರಗಳೂ ಒಟ್ಟಿಗೆ ಬಂದು ಬೀಳುತ್ತವೆ. ಎಲ್ಲ ಸೇರಿ ಅರ್ಧ ಲಕ್ಷ ಗುಣಾಕಾರವೂ ದಾಟುವುದಿಲ್ಲ. ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದ ಆ ವಿಧಾನ ಇಲ್ಲದಿದ್ದರೆ ಫೋನಿನ ಬ್ಯಾಟರಿ ಈ ಹುಡುಕಾಟಕ್ಕೇ ಖಾಲಿಯಾಗುತ್ತಿತ್ತು.

ಇನ್ನೂ ದುರ್ಬಲ ಸಿಗ್ನಲ್ ಬೇಕೆಂದರೆ ಇನ್ನೂ ಹೆಚ್ಚು ಹೊತ್ತು ಕೂಡಿಸಿದರಾಯಿತಲ್ಲ ಅಂತ ಕೇಳಬಹುದು. ಸ್ವಲ್ಪ ದೂರ ಮಾತ್ರ ಹೋಗಬಹುದು. ಕೋಡಿನ ಮೇಲೆ ಸೆಕೆಂಡಿಗೆ 50 ಬಿಟ್ ಡೇಟಾ ಕೂತಿದೆ, ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಚಿಹ್ನೆ ಬದಲಾಗಬಹುದು. ಬದಲಾದರೆ ಕೂಡಿಸಿದ್ದೆಲ್ಲ ಕಳೆಯಲು ಶುರುವಾಗುತ್ತದೆ. ಹೊತ್ತು ಹೆಚ್ಚಿದಷ್ಟೂ ಫ್ರೀಕ್ವೆನ್ಸಿಯ ಹೆಜ್ಜೆ ಕಿರಿದಾಗಬೇಕು, ಹುಡುಕುವ ಕೋಣೆಗಳೂ ಹೆಚ್ಚುತ್ತವೆ. ಫೋನುಗಳು ನೆಟ್‌ವರ್ಕ್‌ನಿಂದ ಉಪಗ್ರಹಗಳ ಕಕ್ಷೆ ಮತ್ತು ಸಮಯದ ಮಾಹಿತಿಯನ್ನು ಮೊದಲೇ ತರಿಸಿಕೊಳ್ಳುವುದು ಈ ಹುಡುಕಾಟವನ್ನು ಕಿರಿದು ಮಾಡಲಿಕ್ಕೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಎಫ್‌ಎಫ್‌ಟಿ ಬೇಗನೆ ಲೆಕ್ಕ ಹಾಕಿಕೊಡುವ ಡಿಎಫ್‌ಟಿಯ ಸೂತ್ರವನ್ನು ಇನ್ನೊಮ್ಮೆ ನೋಡಿ: ಬಂದ ಸಿಗ್ನಲ್ಲನ್ನು ಒಂದು ಸೈನ್ ಅಲೆಯಿಂದ ಗುಣಿಸಿ ಕೂಡಿಸು. ಇದೂ ಕೋರಿಲೇಶನ್ನೇ, ಗೊತ್ತಿರುವ ಆಕಾರ ಈ ಸಲ ಸೈನ್ ಅಲೆ ಅಷ್ಟೆ. ಫೋನಿನಲ್ಲಿ 5 ಒತ್ತಿದಾಗ ಬರುವ ಶಬ್ದದಲ್ಲಿ 770 ಮತ್ತು 1336 ಹರ್ಟ್ಜ್ ಎರಡೂ ಇರುತ್ತವೆ. ಅದನ್ನು ಗುರುತಿಸಲು ಇಡೀ ಸ್ಪೆಕ್ಟ್ರಮ್ ಬೇಕಿಲ್ಲ, ಎಂಟು ಫ್ರೀಕ್ವೆನ್ಸಿಗಳ ಜೊತೆ ಹೋಲಿಸಿದರೆ ಸಾಕು. ಗೋರ್ಟ್ಜೆಲ್ ಅಲ್ಗಾರಿದಮ್ ಮಾಡುವುದು ಅದನ್ನೇ.

ವೈಫೈ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. 20 ಮೆಗಾಹರ್ಟ್ಜ್ ಚಾನೆಲ್ಲಿನ ಹಳೆಯ 802.11ಎ ಮಾನದಂಡದಲ್ಲಿ ಎಫ್‌ಎಫ್‌ಟಿ ಕಿಟಕಿ 3.2 ಮೈಕ್ರೋಸೆಕೆಂಡ್, ಸಬ್‌ಕ್ಯಾರಿಯರ್‌ಗಳ (ಡೇಟಾವನ್ನು ಹಂಚಿಕೊಂಡು ಒಯ್ಯುವ ಅಕ್ಕಪಕ್ಕದ ಫ್ರೀಕ್ವೆನ್ಸಿಗಳ) ನಡುವೆ 312.5 ಕಿಲೋಹರ್ಟ್ಜ್ ಅಂತರ. ಎರಡನೆಯದು ಮೊದಲನೆಯದರ ವಿಲೋಮ, ಇದು ಕಾಕತಾಳೀಯ ಅಲ್ಲ. ಆ ಕಿಟಕಿಯೊಳಗೆ ಪ್ರತಿ ಸಬ್‌ಕ್ಯಾರಿಯರೂ ಪೂರ್ಣ ಸುತ್ತುಗಳನ್ನೇ ಮುಗಿಸುವುದರಿಂದ ಒಂದನ್ನು ಇನ್ನೊಂದರಿಂದ ಗುಣಿಸಿ ಕೂಡಿಸಿದರೆ ಸೊನ್ನೆ. ಪಕ್ಕದವರು ಎಷ್ಟೇ ಹತ್ತಿರ ಕೂತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಗೋಡೆಗಳಿಗೆ ಬಡಿದು ತಡವಾಗಿ ಬರುವ ಪ್ರತಿಗಳಿಗಾಗಿ ಮುಂದೆ 0.8 ಮೈಕ್ರೋಸೆಕೆಂಡಿನ ಗಾರ್ಡ್ ಇಡುತ್ತಾರೆ. ಅಷ್ಟರಲ್ಲಿ ರೇಡಿಯೊ ಅಲೆ 240 ಮೀಟರ್ ಓಡುತ್ತದೆ, ಮನೆ ಅಥವಾ ಕಚೇರಿಯೊಳಗಿನ ಪ್ರತಿಫಲನಗಳಿಗೆ ಧಾರಾಳ ಸಾಕು. ಗಾರ್ಡ್‌ನಲ್ಲಿ ತುಂಬುವುದು ಸಿಂಬಲ್ಲಿನದೇ ಬಾಲದ ನಕಲು. ಹಾಗಾಗಿ ಚಾನೆಲ್ ಮಾಡುವ ಕಾನ್ವಲ್ಯೂಷನ್ ಸರ್ಕ್ಯುಲರ್ (ಕೊನೆ ಮರಳಿ ಮೊದಲಿಗೆ ಸುತ್ತಿಕೊಳ್ಳುವಂಥದ್ದು) ಆಗಿಬಿಡುತ್ತದೆ, ಚಾನೆಲ್ ಕೆಡಿಸಿದ್ದನ್ನು ಸರಿಪಡಿಸುವ ಈಕ್ವಲೈಸರ್ ಕೆಲಸ ಪ್ರತಿ ಸಬ್‌ಕ್ಯಾರಿಯರ್‌ಗೆ ಒಂದು ಭಾಗಾಕಾರಕ್ಕೆ ಇಳಿಯುತ್ತದೆ. ಸರ್ಕ್ಯುಲರ್ ಕಾನ್ವಲ್ಯೂಷನ್ ಯಾಕೆ ಕಲಿಯಬೇಕು ಅಂತ ತರಗತಿಯಲ್ಲಿ ಅನ್ನಿಸಿದ್ದರೆ, ಉತ್ತರ ಈ ಗಾರ್ಡ್‌ನಲ್ಲಿದೆ.

ಪ್ಯಾಕೆಟ್ ಶುರುವಾಯಿತು ಅಂತ ರಿಸೀವರಿಗೆ ಗೊತ್ತಾಗುವುದೂ ಇದೇ ದಾರಿಯಲ್ಲಿ. ಪ್ರತಿ ಪ್ಯಾಕೆಟ್ಟಿನ ತಲೆಯಲ್ಲಿ 0.8 ಮೈಕ್ರೋಸೆಕೆಂಡಿನ ಒಂದೇ ತುಣುಕು ಹತ್ತು ಸಲ ಬರುತ್ತದೆ. ಈಗ ಬಂದದ್ದನ್ನು 0.8 ಮೈಕ್ರೋಸೆಕೆಂಡ್ ಹಿಂದೆ ಬಂದದ್ದರ ಜೊತೆ ಗುಣಿಸಿ ಕೂಡಿಸುತ್ತಾ ಹೋದರೆ ಪ್ಯಾಕೆಟ್ ಬಂದಾಗ ಮೊತ್ತ ಏರುತ್ತದೆ. ಆ ಮೊತ್ತದ ಫೇಸ್ ನೋಡಿದರೆ ಎರಡು ಸಾಧನಗಳ ಆಸಿಲೇಟರ್ ನಡುವಿನ ವ್ಯತ್ಯಾಸವೂ ಸಿಕ್ಕಿಬಿಡುತ್ತದೆ.

ಅಡಾಪ್ಟಿವ್ ಫಿಲ್ಟರ್ ಬಗ್ಗೆ ಚಿಕ್ಕದಾಗಿ. ಸ್ಪೀಕರ್ ಹಾಕಿಕೊಂಡು ಮಾತನಾಡುವಾಗ ಆ ಕಡೆಯವರ ದನಿ ನಿಮ್ಮ ಮೈಕಿಗೆ ಮರಳಿ ಹೊಕ್ಕು ಅವರಿಗೇ ಕೇಳಿಸಬಾರದು. ಸ್ಪೀಕರಿಗೆ ಕಳಿಸಿದ್ದೇನು ಅನ್ನುವುದು ಫೋನಿಗೆ ಗೊತ್ತಿದೆ, ಕೋಣೆ ಅದನ್ನು ಹೇಗೆ ಬದಲಿಸಿತು ಅನ್ನುವುದು ಗೊತ್ತಿಲ್ಲ. ವಿಡ್ರೋ ಮತ್ತು ಹಾಫ್ 1960ರಲ್ಲಿ ಕೊಟ್ಟ ಎಲ್‌ಎಂಎಸ್ (ಲೀಸ್ಟ್ ಮೀನ್ ಸ್ಕ್ವೇರ್ಸ್) ವಿಧಾನ ಪ್ರತಿ ಸ್ಯಾಂಪಲ್ಲಿಗೂ ಉಳಿದ ತಪ್ಪನ್ನು ಇನ್‌ಪುಟ್‌ನಿಂದ ಗುಣಿಸಿ ಆ ದಿಕ್ಕಿಗೆ ಟ್ಯಾಪ್‌ಗಳನ್ನು (ಫಿಲ್ಟರಿನ ಗುಣಕಗಳನ್ನು) ಸ್ವಲ್ಪ ಸರಿಸುತ್ತದೆ. ತಪ್ಪಿನಲ್ಲಿ ಇನ್‌ಪುಟ್‌ನ ಜೊತೆ ಕೋರಿಲೇಟ್ ಆಗುವ ಅಂಶ ಇನ್ನೂ ಉಳಿದಿದ್ದರೆ ಅದು ಪ್ರತಿಧ್ವನಿಯೇ ಅನ್ನುವುದು ಅದರ ತರ್ಕ. 8000 ಹರ್ಟ್ಜ್‌ನಲ್ಲಿ 128 ಮಿಲಿಸೆಕೆಂಡ್ ಪ್ರತಿಧ್ವನಿ ಹಿಡಿಯಲು 1024 ಟ್ಯಾಪ್ ಬೇಕು. ಇಬ್ಬರೂ ಒಟ್ಟಿಗೆ ಮಾತನಾಡಿದಾಗ ಮಾತ್ರ ಇದು ಕೈಕೊಡುತ್ತದೆ, ಹತ್ತಿರದವರ ದನಿಯನ್ನೇ ತಪ್ಪು ಅಂದುಕೊಂಡು ಟ್ಯಾಪ್‌ಗಳು ಎತ್ತೆತ್ತಲೋ ಓಡುತ್ತವೆ. ಆ ಹೊತ್ತನ್ನು ಗುರುತಿಸಿ ಕಲಿಕೆಯನ್ನು ತಡೆಹಿಡಿಯುವ ಕೋಡ್ ಬರೆಯುವುದು ಎಲ್‌ಎಂಎಸ್ ಬರೆಯುವುದಕ್ಕಿಂತ ಎಷ್ಟೋ ಕಷ್ಟ.

ಓದುವುದಕ್ಕಿಂತ ಮಾಡಿ ನೋಡಿ. ಪೈಥಾನಿನಲ್ಲಿ 1023 ಚಿಪ್‌ಗಳ ಒಂದು ಗೋಲ್ಡ್ ಕೋಡ್ ತಯಾರಿಸಿ, ಅದನ್ನು ನಿಮಗೆ ತೋಚಿದಷ್ಟು ಸ್ಥಾನ ಸುತ್ತಿ ಸರಿಸಿ, ಚಿಪ್ ಒಂದಕ್ಕೆ ಒಂದು ಸ್ಯಾಂಪಲ್ ಇಟ್ಟುಕೊಂಡು, ಸ್ಟ್ಯಾಂಡರ್ಡ್ ಡೀವಿಯೇಶನ್ 9 ಇರುವ ನಾಯ್ಸ್ ಸೇರಿಸಿ. ಎಫ್‌ಎಫ್‌ಟಿ ಮೂಲಕ ಕೋರಿಲೇಟ್ ಮಾಡಿ. ಒಂದೇ ಅವಧಿಯಲ್ಲಿ ಪೀಕ್ ಇದ್ದೂ ಇಲ್ಲದ ಹಾಗಿರುತ್ತದೆ, ಯಾಕೆಂದರೆ 1023ರ ಎದುರು ನಾಯ್ಸಿನ ಮೊತ್ತವೇ 288ರಷ್ಟು ಅಲ್ಲಾಡುತ್ತಿರುತ್ತದೆ, ಸಾವಿರ ಸ್ಥಾನಗಳಲ್ಲಿ ಒಂದಾದರೂ ಅದರ ಮೂರು ಪಟ್ಟು ಎತ್ತರಕ್ಕೆ ಹಾರುವುದು ಸಹಜ. ಹತ್ತು ಅವಧಿಗಳನ್ನು ಸೇರಿಸಿ ನೋಡಿ, ಪೀಕ್ ನಾಯ್ಸಿನ ಹನ್ನೊಂದು ಪಟ್ಟಿಗೆ ಏರುತ್ತದೆ. ಆಮೇಲೆ ನಾಯ್ಸ್ ಸೇರಿದ ಸ್ಯಾಂಪಲ್‌ಗಳ ಚಿಹ್ನೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿ, ಅಂದರೆ 1 ಬಿಟ್ ಎಡಿಸಿ (ಅನಲಾಗ್ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುವ ಭಾಗ) ಇದೆ ಅಂದುಕೊಳ್ಳಿ. ನಷ್ಟ ಸುಮಾರು 2 ಡಿಬಿ ಮಾತ್ರ, ಪೀಕ್ ಇದ್ದಲ್ಲೇ ಇರುತ್ತದೆ. ಜಿಪಿಎಸ್ ರಿಸೀವರ್‌ಗಳು ಒಂದೆರಡು ಬಿಟ್‌ನಲ್ಲೇ ಕೆಲಸ ಸಾಗಿಸಬಲ್ಲವು ಅನ್ನುವುದರ ಗುಟ್ಟು ಇದು. ನಾಯ್ಸಿನ ಬದಲು ಒಂದು ಬಲವಾದ ಸೈನ್ ಅಲೆ ಸೇರಿಸಿ ಅದೇ 1 ಬಿಟ್ ಪ್ರಯೋಗ ಮಾಡಿದರೆ ಚಿಹ್ನೆಯನ್ನೆಲ್ಲ ಆ ಸೈನ್ ಅಲೆಯೇ ನಿರ್ಧರಿಸಿ ನಿಮ್ಮ ಕೋಡ್ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಜ್ಯಾಮರ್ (ಬೇಕೆಂದೇ ಅಡ್ಡಿಪಡಿಸುವ ಸಿಗ್ನಲ್ ಕಳಿಸುವ ಸಾಧನ) ಎದುರಿಸಬೇಕಾದ ರಿಸೀವರ್‌ಗಳಲ್ಲಿ ಹೆಚ್ಚು ಬಿಟ್‌ಗಳ ಎಡಿಸಿ ಇಡುವುದು ಅದಕ್ಕೇ.

ಹತ್ತು ಅವಧಿ ಕೂಡಿಸಿದರೂ ಪೀಕ್ ಬರದಿದ್ದರೆ ಮೊದಲು ಕಾಂಜುಗೇಟ್ ಹಾಕಿದ್ದೀರಾ ನೋಡಿ. ಅದಿಲ್ಲದಿದ್ದರೆ ನೀವು ಮಾಡುತ್ತಿರುವುದು ಕಾನ್ವಲ್ಯೂಷನ್, ಕೋಡ್ ಹಿಂದುಮುಂದಾಗಿ ಹೋಲಿಕೆಯಾಗುತ್ತಿರುತ್ತದೆ.