ಮೊದಲು ಬಿಡಲಿ, ಆಮೇಲೆ ಹಾಸಿಗೆ?

ದಾವಣಗೆರೆಯ ಓದುಗರಿಗೆ ನಮಸ್ಕಾರ.

ಕುಡಿತ ಬಿಡಲಾಗದ, ಮನೆಯಿಲ್ಲದ ಜನರಿಗೆ ಹಾಸಿಗೆಯ ಜೊತೆ ಅಳತೆ ಮಾಡಿ ವೈನ್ ಕೊಡುವ ಕೆನಡಾದ ಆಶ್ರಯ ಕೇಂದ್ರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. "ಬೀದಿಯಲ್ಲಿ ಬಿದ್ದ ಕುಡುಕರಿಗೆ ಸರ್ಕಾರದ ದುಡ್ಡಲ್ಲಿ ವೈನ್ ಬೇರೆ ಕೇಡು! ಮೊದಲು ಕುಡಿತ ಬಿಡಲಿ, ಆಮೇಲೆ ಹಾಸಿಗೆ ಕೊಡಲಿ" ಎಂದಿದ್ದೀರಿ. ತಂದೆಯ ಕುಡಿತಕ್ಕೆ ಮನೆ ಹಾಳಾದದ್ದನ್ನು ಕಂಡವರು ನೀವು. ಸಿಟ್ಟು ಸುಮ್ನೆ ಬಂದದ್ದಲ್ಲ.

ಆದರೆ ಆ ಷರತ್ತು ಹಾಕಿದರೆ ಹೊರಗೆ ಉಳಿಯುವವರು ಯಾರು? ಬಿಡಲು ಆಗದೇ ಇರುವವರೇ ಅಲ್ವಾ? 1996ರ ಚಳಿಗಾಲದಲ್ಲಿ ಕೆನಡಾದ ಟೊರೊಂಟೊದಲ್ಲಿ ಮನೆಯಿಲ್ಲದ ಮೂವರು ಚಳಿಗೆ ಸತ್ತರು. ಒಬ್ಬರ ಹೆಣ ಸಿಕ್ಕಿದ್ದು ಬಸ್ ಶೆಲ್ಟರ್‌ನಲ್ಲಿ. ವಿಚಾರಣೆ ನಡೆಸಿದ ಜ್ಯೂರಿ, ಕುಡಿಯುವವರನ್ನೂ ಸೇರಿಸಿಕೊಳ್ಳುವ ಕೇಂದ್ರ ಬೇಕು ಎಂದಿತು. ಅಲ್ಲಿನ ಸೀಟನ್ ಹೌಸ್ ಎಂಬ ಆಶ್ರಯ ಕೇಂದ್ರದಲ್ಲಿ ಅಂಥ ವಿಭಾಗ ಶುರುವಾದದ್ದು ಹಾಗೆ.

ಕೆನಡಾದ ಇನ್ನೊಂದು ನಗರ ಒಟ್ಟಾವಾದ ಇಂಥದೇ ಕೇಂದ್ರದಲ್ಲಿ ಆಗ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಕೇಳಿದವರಿಗೆ ಗಂಟೆಗೊಮ್ಮೆ, ಹೆಚ್ಚೆಂದರೆ 140 ಮಿ.ಲೀ. ವೈನ್ ಕೊಡುತ್ತಿದ್ದರು. ಜೊತೆಗೆ ಊಟ, ಹಾಸಿಗೆ, ನರ್ಸ್, ಡಾಕ್ಟರ್. ಯಾಕೆ ಅಂದರೆ, ದಶಕಗಳಿಂದ ಕುಡಿದವರು ಔಷಧಿ ಇಲ್ಲದೆ ಒಮ್ಮೆಗೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಜೀವವೇ ಹೋಗಬಹುದು. ಆ ಹಿಂಸೆ ತಾಳದೆ ಆಲ್ಕೋಹಾಲ್ ಇರುವ ಮೌತ್‌ವಾಷ್ (ಬಾಯಿ ಮುಕ್ಕಳಿಸುವ ದ್ರವ) ಕುಡಿದು ಒದ್ದಾಡುವವರೂ ಇದ್ದಾರೆ. ಅಲ್ಲಿನ 17 ಜನರ ಬಗ್ಗೆ 2006ರಲ್ಲಿ ಅಧ್ಯಯನ ಪ್ರಕಟವಾಯಿತು. ಸರಾಸರಿ 35 ವರ್ಷಗಳ ಕುಡಿತ ಅವರದು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅವರು ಹೋಗುವುದು ಶೇ. 36ರಷ್ಟು ಇಳಿಯಿತು. ಪೊಲೀಸರ ಕೈಗೆ ಸಿಗುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಅಧ್ಯಯನ ತೀರಾ ಚಿಕ್ಕದು, ಒಪ್ಪುತ್ತೇನೆ.

ಹಾಗಾಗಿ ನನಗೆ ಅಮೆರಿಕದ ಸಿಯಾಟಲ್‌ನ ಕಥೆಯೇ ಜಾಸ್ತಿ ಮುಖ್ಯ. 2005ರಲ್ಲಿ ಅಲ್ಲಿ ಬೀದಿಯಲ್ಲಿದ್ದ, ಕುಡಿತಕ್ಕೆ ಬಿದ್ದ 75 ಜನರ ವಾಸಕ್ಕೆ '1811 ಈಸ್ಟ್‌ಲೇಕ್' ಎಂಬ ಕಟ್ಟಡ ತೆರೆಯಿತು. ಯಾರೂ ವೈನ್ ಹಂಚುವುದಿಲ್ಲ. ಕುಡಿಯುವವರು ಸ್ವಂತ ದುಡ್ಡಿನಲ್ಲಿ, ತಮ್ಮ ಕೋಣೆಯಲ್ಲಿ ಕುಡಿಯಬಹುದು, ಅಷ್ಟೇ. ತೆರಿಗೆದಾರರು ಆಗ ನಿಮ್ಮಂತೆಯೇ ಸಿಡಿದಿದ್ದರು. 2009ರ ಅಧ್ಯಯನ ನೋಡಿದರೆ, ಕೋಣೆ ಸಿಕ್ಕವರ ಮೇಲಿನ ಆಸ್ಪತ್ರೆ, ಜೈಲು ಇತ್ಯಾದಿ ಖರ್ಚು ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಎಷ್ಟೋ ಕಡಿಮೆ. ಅವರ ಕುಡಿತ ದಿನಕ್ಕೆ 15.7 ಡ್ರಿಂಕ್ (ಒಂದು ಡ್ರಿಂಕ್ ಎಂದರೆ ಸುಮಾರು ಒಂದು ಗ್ಲಾಸ್ ವೈನ್‌ನಷ್ಟು) ಇದ್ದದ್ದು ವರ್ಷದಲ್ಲಿ 10.6ಕ್ಕೆ ಇಳಿಯಿತು. ಬಿಟ್ಟರು ಅಂತಲ್ಲ. ಆದರೆ ಬಿಡಿ ಎಂದು ಯಾರೂ ಷರತ್ತು ಹಾಕಿರಲಿಲ್ಲ.

ನಮ್ಮಲ್ಲೂ ವೈನ್ ಹಂಚಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇಕಾದ ನರ್ಸುಗಳಾದರೂ ಎಲ್ಲಿದ್ದಾರೆ? ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಬೇಕೆಂದು 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಅಂಥ ಕೇಂದ್ರದ ಬಾಗಿಲಿಗೆ ಬಾಯಿ ವಾಸನೆ ಹೊಡೆಯುವವನೊಬ್ಬ ಬಂದರೆ ಕಾವಲುಗಾರ ಏನು ಮಾಡಬೇಕು? ಗಲಾಟೆ ಮಾಡದಿದ್ದರೆ ಒಳಗೆ ಬಿಡಬೇಕು, ಬೇರೆ ಕೋಣೆಯಲ್ಲಿ ಮಲಗಿಸಬೇಕು, ನಡುಕ ಕಂಡರೆ ಆಸ್ಪತ್ರೆಗೆ ಕಳಿಸಬೇಕು. ಕುಡಿತ ಬಿಡಿಸುವ ಮಾತು ಬೆಳಿಗ್ಗೆ ಚಹಾ ಕೊಟ್ಟ ಮೇಲೆ ಆಡಿದರೂ ಆಯಿತು.