ಓಡುತ್ತಿರುವ ಜಲವಿದ್ಯುತ್ ಟರ್ಬೈನಿನ ಬ್ಲೇಡಿನಲ್ಲಿ ಸ್ಟ್ರೆಸ್ ಅಳೆಯುವುದು ಹೇಗೆ?

ಸ್ಟ್ರೆಸ್ಸನ್ನು (ಲೋಹದೊಳಗೆ ಪ್ರತಿ ಚದರ ಅಳತೆಗೆ ಬೀಳುವ ಬಲ) ನೇರವಾಗಿ ಅಳೆಯುವುದಿಲ್ಲ. ಬ್ಲೇಡಿನ ಮೇಲ್ಮೈ ಎಷ್ಟು ಹಿಗ್ಗಿತು, ಕುಗ್ಗಿತು ಎಂಬುದನ್ನು ಸ್ಟ್ರೈನ್ ಗೇಜಿನಿಂದ (ಮೇಲ್ಮೈ ಮೇಲೆ ಕೂರಿಸುವ ಪುಟ್ಟ ಸೆನ್ಸರ್) ತಿಳಿದು ಲೆಕ್ಕ ಹಾಕುತ್ತಾರೆ. ಒಂದೇ ದಿಕ್ಕಿನ ಎಳೆತವಾದರೆ ಉಕ್ಕಿನಲ್ಲಿ 100 ಮೈಕ್ರೋಸ್ಟ್ರೈನ್ (ಉದ್ದದ ಹತ್ತು ಲಕ್ಷದಲ್ಲಿ 100 ಭಾಗ ಹಿಗ್ಗುವುದು) ಅಂದರೆ ಸುಮಾರು 20 ಮೆಗಾಪಾಸ್ಕಲ್. ಫ್ರಾನ್ಸಿಸ್ ಬಗೆಯ ಟರ್ಬೈನಿನ ರನ್ನರಿನಲ್ಲಿ (ಬ್ಲೇಡುಗಳಿರುವ ತಿರುಗುವ ಚಕ್ರ) ಬ್ಲೇಡಿನ ನೀರು ಹೊರಬೀಳುವ ಅಂಚು ಕ್ರೌನ್ (ಮೇಲಿನ ತಟ್ಟೆ) ಮತ್ತು ಬ್ಯಾಂಡಿಗೆ (ಕೆಳಗಿನ ಉಂಗುರ) ಸೇರುವ ಮೂಲೆಗಳ ಹತ್ತಿರ ಗೇಜ್ ಕೂರಿಸಿ. ಬಿರುಕು ಹುಟ್ಟುವುದೂ ಹೆಚ್ಚಾಗಿ ಅಲ್ಲೇ.

ನಿಜವಾದ ಕಷ್ಟ ಗೇಜನ್ನು ಉಳಿಸಿಕೊಳ್ಳುವುದು. ಲೋಹ ಉಜ್ಜಿ, ಗೇಜನ್ನು ಸ್ಪಾಟ್ ವೆಲ್ಡ್ (ಚುಕ್ಕೆ ಚುಕ್ಕೆಯಾಗಿ ಬೆಸುಗೆ) ಮಾಡಿ, ಮೇಲೆ ಎಪಾಕ್ಸಿಯನ್ನು (ಗಟ್ಟಿಯಾಗುವ ಅಂಟು) ಅಂಚಿನ ಕಡೆಗೆ ತೆಳುವಾಗಿ ಇಳಿಯುವಂತೆ ಬಳಿಯಬೇಕು. ಉಬ್ಬು ಉಳಿದರೆ ನೀರಿನ ರಭಸ ಕಿತ್ತೊಯ್ಯುತ್ತದೆ. ತೇವ ಒಳಹೊಕ್ಕರೆ ಗೇಜಿನ ಶೂನ್ಯ ಅಂಕಿಯೇ ಜಾರಿ ಸರಾಸರಿ ಅಂಕಿ ನಂಬಲಾಗದಂತಾಗುತ್ತದೆ. ವೈರುಗಳು ಟೊಳ್ಳು ಶಾಫ್ಟಿನ ಮೂಲಕ ಟೆಲಿಮೆಟ್ರಿ ಪೆಟ್ಟಿಗೆಗೆ (ಅಳತೆಗಳನ್ನು ವೈರಿಲ್ಲದೆ ಹೊರಗೆ ಕಳಿಸುವ ಸಾಧನ) ಬರುತ್ತವೆ.

ಪೂರ್ಣ ಲೋಡಿನಲ್ಲಷ್ಟೇ ಅಳೆದು ಬಿಡಬೇಡಿ. ಸ್ಟಾರ್ಟ್ ಆಗುವಾಗ, ಲೋಡಿಲ್ಲದೆ ಪೂರ್ಣ ವೇಗದಲ್ಲಿ ತಿರುಗುವಾಗ ಸ್ಟ್ರೆಸ್ಸಿನ ಏರಿಳಿತ ಹಲವು ರನ್ನರುಗಳಲ್ಲಿ ಅದಕ್ಕಿಂತ ಜಾಸ್ತಿ.