ಮುಚ್ಚಿದ ಅಂಗಡಿಯ ಬಿಲ್ ಯಾವ ಇಸವಿಯದು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮ್ಮ ಅತ್ತೆ-ಮಾವ 1980ರ ದಶಕದಲ್ಲೇ ಮೆಲ್ಬರ್ನ್‌ಗೆ ಬಂದವರು. ಅವರ ಪೆಟ್ಟಿಗೆಯಲ್ಲಿ ಸೇಫ್‌ವೇ, ಕೋಲ್ಸ್ ಅಂಗಡಿಗಳ ಬಿಲ್, ಚೀಲ, ಜಾಹೀರಾತು ಹಾಳೆಗಳ ರಾಶಿಯೇ ಇದೆ. ಎಷ್ಟೋ ಬಿಲ್‌ಗಳಲ್ಲಿ ತಾರೀಖು ಹರಿದುಹೋಗಿದೆ. ಯಾವುದು ಯಾವ ಕಾಲದ್ದೆಂದು ಹೇಗೆ ತಿಳಿಯುವುದು? (ಮೆಲ್ಬರ್ನ್‌ನ ಓದುಗರು)

ಉತ್ತರ: ತಾರೀಖು ಹೋದರೂ ಮಿಕ್ಕ ಗುರುತುಗಳು ಸಾಕಷ್ಟು ಉಳಿದಿರುತ್ತವೆ. ಮೊದಲು ಅಂಗಡಿಯ ಹೆಸರಿನ ಕೆಳಗೆ ನೋಡಿ. ಒಂಬತ್ತು ಅಂಕಿಯ ಎ.ಸಿ.ಎನ್. (ಆಸ್ಟ್ರೇಲಿಯಾದ ಕಂಪನಿ ನೋಂದಣಿ ಸಂಖ್ಯೆ) ಇದ್ದರೆ ಬಿಲ್ 1991ರಿಂದ ಈಚಿನದು. ಹನ್ನೊಂದು ಅಂಕಿಯ ಎ.ಬಿ.ಎನ್. (ವ್ಯಾಪಾರ ಸಂಖ್ಯೆ) ಇದ್ದರೆ 2000ದಿಂದ ಈಚಿನದು. ಕಂಪನಿಗಳ ಎ.ಬಿ.ಎನ್.ನಲ್ಲಿ ಮೊದಲ ಎರಡು ಅಂಕಿ ಬಿಟ್ಟರೆ ಉಳಿದದ್ದು ಸಾಮಾನ್ಯವಾಗಿ ಹಳೆಯ ಎ.ಸಿ.ಎನ್. ತಾನೇ. ಹಾಗಾಗಿ ಬೋರ್ಡಿನ ಹೆಸರು ಬೇರೆಯಿದ್ದರೂ ಎರಡು ಬಿಲ್‌ಗಳ ಹಿಂದೆ ಒಂದೇ ಕಂಪನಿ ಇದೆಯೇ ಎಂದು ತಾಳೆ ನೋಡಬಹುದು.

ಆಮೇಲೆ ಮೊತ್ತದ ಸಾಲು. ಸಾಮಾನಿನ ಬೆಲೆ 14.37 ಡಾಲರ್ ಎಂದಿದ್ದು, ಕೊಡಬೇಕಾದದ್ದು 14.35 ಎಂದು ಬೇರೆ ಸಾಲಿನಲ್ಲಿದ್ದರೆ ಅದು ನಗದು ಕೊಟ್ಟ ಬಿಲ್. 1990ರ ದಶಕಕ್ಕಿಂತ ಹಿಂದಿನದಾಗಿರುವುದು ಕಷ್ಟ. ಒಂದು ಮತ್ತು ಎರಡು ಸೆಂಟಿನ ನಾಣ್ಯಗಳನ್ನು 1992ರಿಂದ ಹಿಂತೆಗೆದುಕೊಂಡ ಮೇಲೆ ಐದು ಸೆಂಟಿಗೆ ಸರಿಮಾಡುವ ರೂಢಿ ಬಂತು. ಕೊನೆಯ ಅಂಕಿ 1, 2 ಇದ್ದರೆ ಸೊನ್ನೆಗೆ, 3, 4 ಇದ್ದರೆ ಐದಕ್ಕೆ, 6, 7 ಇದ್ದರೂ ಐದಕ್ಕೆ, 8, 9 ಇದ್ದರೆ ಹತ್ತಕ್ಕೆ. ಕಾರ್ಡಿನಲ್ಲಿ ಕೊಟ್ಟರೆ ಪೈಸೆಗೆ ಪೈಸೆ ಲೆಕ್ಕ, ಆದ್ದರಿಂದ ಕಾರ್ಡ್ ಬಿಲ್‌ಗೆ ಈ ಪರೀಕ್ಷೆ ನಡೆಯದು.

ಜಿ.ಎಸ್.ಟಿ. ಸಾಲು ಇದ್ದರೆ 1 ಜುಲೈ 2000ದ ನಂತರದ್ದು. ಇಲ್ಲೇ ಹಲವರು ಎಡವುತ್ತಾರೆ. ಅಕ್ಕಿ, ಹಾಲು, ಬ್ರೆಡ್, ತರಕಾರಿಗೆ ಅಲ್ಲಿ ಆ ತೆರಿಗೆ ಇಲ್ಲ. ಸೋಪು, ಚಾಕೊಲೇಟ್, ಚಿಪ್ಸ್‌ಗೆ ಇದೆ. ಬರೀ ಅಕ್ಕಿ-ಹಾಲು ಕೊಂಡ ಬಿಲ್‌ನಲ್ಲಿ ತೆರಿಗೆ ಕಾಣಲಿಲ್ಲವೆಂದು ಅದನ್ನು ಹಳೆಯ ಕಾಲಕ್ಕೆ ತಳ್ಳಬೇಡಿ. ಖರೀದಿಗೆ ಅಂಕ ಕೊಡುವ ಫ್ಲೈಬೈಸ್ ಕಾರ್ಡಿನ ಹೆಸರಿದ್ದರೆ 1994ರ ಈಚಿನದು. ಅಂಗಡಿಯ ಫೋನ್ ನಂಬರ್ ಏಳೇ ಅಂಕಿಯದಾದರೆ 1990ರ ದಶಕದ ನಡುವಿಗಿಂತ ಹಿಂದಿನದು ಎನ್ನಬಹುದು, ಆದರೆ ಮೊದಲೇ ಅಚ್ಚು ಹಾಕಿಸಿಟ್ಟ ಹಾಳೆಗಳನ್ನು ಖರ್ಚಾಗುವವರೆಗೂ ಬಳಸುತ್ತಿದ್ದರು ಎಂಬುದು ನೆನಪಿರಲಿ. ಜಾಹೀರಾತು ಹಾಳೆಯಲ್ಲಿ ಬೆಲೆ ಬರೀ ಶಿಲ್ಲಿಂಗ್, ಪೆನ್ಸ್‌ನಲ್ಲಿದ್ದರೆ 14 ಫೆಬ್ರವರಿ 1966ಕ್ಕೆ ಮುಂಚಿನದು. ಅಂದೇ ಡಾಲರ್ ಬಂದದ್ದು.

ಸೇಫ್‌ವೇ ವಿಚಾರ: ಆ ಅಂಗಡಿಗಳನ್ನು ವುಲ್‌ವರ್ತ್ಸ್ ಎಂಬ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿ 1985ರಲ್ಲೇ ಕೊಂಡರೂ ವಿಕ್ಟೋರಿಯಾದಲ್ಲಿ ಹಳೆ ಹೆಸರನ್ನೇ ಉಳಿಸಿಕೊಂಡಿತ್ತು. 2008ರಲ್ಲಿ ವುಲ್‌ವರ್ತ್ಸ್‌ನ ಹೊಸ ಹಸಿರು ಲಾಂಛನ ಬಂದ ಮೇಲೆ ಒಂದೊಂದಾಗಿ ಬೋರ್ಡು ಬದಲಾಯಿತು. ಹೀಗಾಗಿ ಸೇಫ್‌ವೇ ಹೆಸರೊಂದನ್ನೇ ನಂಬಿ ಇಸವಿ ಹೇಳಲಾಗದು. ತೆಳ್ಳನೆಯ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಗಳನ್ನು ವುಲ್‌ವರ್ತ್ಸ್, ಕೋಲ್ಸ್ ಎರಡೂ ನಿಲ್ಲಿಸಿದ್ದು 2018ರ ಮಧ್ಯದಲ್ಲಿ. ಕೆಲವೆಡೆ ಅದಕ್ಕೂ ಮೊದಲೇ ನಿಷೇಧವಾಗಿತ್ತು, ದಕ್ಷಿಣ ಆಸ್ಟ್ರೇಲಿಯಾದಲ್ಲಿ 2009ರಲ್ಲೇ.

ಪ್ರಶ್ನೆ: ಫ್ರಾಂಕ್ಲಿನ್ಸ್ ಅಂಗಡಿಯ ಬಿಲ್‌ಗಳಲ್ಲಿ ಅಕ್ಷರ ಮಾಸುತ್ತಿದೆ. ಲ್ಯಾಮಿನೇಷನ್ ಮಾಡಿಸಲೇ? (ಸಿಡ್ನಿಯ ಓದುಗರು)

ಉತ್ತರ: ದಯವಿಟ್ಟು ಬೇಡ. ನುಣುಪು ಕಾಗದದ ಬಿಲ್‌ನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿ ತಗುಲಿದಲ್ಲಿ ಕಪ್ಪಾಗುತ್ತದೆ, ಅಷ್ಟೇ. ಲ್ಯಾಮಿನೇಷನ್ ಯಂತ್ರದಲ್ಲಿ ತೂರಿಸಿದರೆ ಇಡೀ ಬಿಲ್ ಕಪ್ಪು ಪಟ್ಟಿಯಾಗಿ ಹೊರಬರುತ್ತದೆ. ಅನುಮಾನವಿದ್ದರೆ ಬೇಡದ ಬಿಲ್‌ನ ಮೂಲೆಯನ್ನು ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಈ ಜಾತಿಯದೇ.

ಮೊದಲ ಕೆಲಸ ಸ್ಕ್ಯಾನ್. ಮುಚ್ಚಳ ತೆರೆದು ಗಾಜಿನ ಮೇಲೆ ಇಡುವ ಸ್ಕ್ಯಾನರ್ ಒಳ್ಳೆಯದು; 400 ಡಿ.ಪಿ.ಐ., ಕಲರ್. ಕಪ್ಪು-ಬಿಳುಪಿನಲ್ಲಿ ತೆಗೆದರೆ ಮಾಸಿದ ಅಕ್ಷರ ಪೂರ್ತಿ ಕಳೆದುಹೋಗುತ್ತದೆ. ಕಲರ್‌ನಲ್ಲಿ ತೆಗೆದಿದ್ದರೆ ಆಮೇಲೆ ಫೋಟೋ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ತೆರೆದು ನೋಡಬಹುದು. ಕಣ್ಣಿಗೆ ಕಾಣದ ಬೆಲೆ ಅವುಗಳಲ್ಲಿ ಒಂದರಲ್ಲಿ ಕಂಡುಬರುವುದುಂಟು. ನಂತರ ಸಾದಾ ಕಾಗದಕ್ಕೆ ಒಂದು ಪ್ರತಿ ಮುದ್ರಿಸಿಕೊಳ್ಳಿ. ಮೂಲವನ್ನು ಕತ್ತಲೆಯ, ತಂಪಾದ ಜಾಗದಲ್ಲಿಡಿ. ಸೆಲೋಟೇಪ್ ಅಂಟಿಸಬೇಡಿ, ಮೆತ್ತನೆಯ ಪಿ.ವಿ.ಸಿ. ಹಾಳೆಯೊಳಗೂ ಇಡಬೇಡಿ, ಎರಡೂ ಅಕ್ಷರವನ್ನು ತಿನ್ನುತ್ತವೆ. ಪಾಲಿಪ್ರೊಪಿಲೀನ್ ಕವರ್ ಆಗಬಹುದು. ಹೇರ್ ಡ್ರೈಯರ್ ಹಿಡಿದರೆ ಅಕ್ಷರ ಮರಳಿ ಬರುತ್ತದೆಂಬ ಸಲಹೆ ಓಡಾಡುತ್ತಿದೆ, ನಂಬಿ ಕೆಡಬೇಡಿ. ಶಾಯಿ ಬಳಿದ ಪಟ್ಟಿಯಿಂದ ಹೊಡೆದ ಹಳೆಯ ನೇರಳೆ ಅಕ್ಷರದ ಬಿಲ್‌ಗಳಿಗೆ ಇಷ್ಟು ಆತಂಕವಿಲ್ಲ. ಚೀಲಗಳನ್ನು ಮಡಿಸದೆ, ಬಿಲ್‌ಗಳ ಜೊತೆ ಸೇರಿಸದೆ ಚಪ್ಪಟೆಯಾಗಿಡಿ. ಮಡಿಕೆಯಲ್ಲೇ ಬಣ್ಣ ಮೊದಲು ಉದುರುವುದು.

ಪ್ರಶ್ನೆ: ಹಳೆಯ ಅಂಗಡಿ ಜಾಹೀರಾತುಗಳನ್ನು ಮನೆಯಲ್ಲೇ ಕುಳಿತು ನೋಡಬಹುದೇ? (ಅಡಿಲೇಡ್)

ಉತ್ತರ: ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ತಾಣದಲ್ಲಿ, ಬಿಟ್ಟಿಯಾಗಿ. ಪತ್ರಿಕೆಗಳ ವಿಭಾಗದಲ್ಲಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ವರ್ಗದಲ್ಲಿ ಜಾಹೀರಾತು ಆರಿಸಿ, ದಶಕ ಕಿರಿದು ಮಾಡಿ. ಹೆಚ್ಚಿನ ಪತ್ರಿಕೆಗಳು 1954ಕ್ಕೆ ನಿಲ್ಲುತ್ತವೆ. ಅದರಾಚೆಗೆ ವಿಮೆನ್ಸ್ ವೀಕ್ಲಿ 1982ರವರೆಗೆ, ಕ್ಯಾನ್‌ಬೆರಾ ಟೈಮ್ಸ್ 1995ರವರೆಗೆ ಇದೆ. ಸೂಪರ್‌ಮಾರ್ಕೆಟ್ ಬೆಲೆಗಳಿಗೆ ಈ ಎರಡನೆಯದೇ ಚಿನ್ನದ ಗಣಿ. ಯಂತ್ರ ಓದಿದ ಪಠ್ಯದಲ್ಲಿ ತಪ್ಪು ಬಹಳ, ಒಂದು ಕಾಗುಣಿತಕ್ಕೆ ಸಿಗದಿದ್ದರೆ ಸರಕಿನ ಹೆಸರು ಹಾಕಿ ಹುಡುಕಿ.

ಪ್ರಶ್ನೆ: ನಮ್ಮ ಕ್ರೋಮಾಗೂ ಆಸ್ಟ್ರೇಲಿಯಾದ ಡಿಕ್ ಸ್ಮಿತ್‌ಗೂ ನಂಟಿತ್ತಂತೆ, ನಿಜವೇ? ಮುಳುಗಿದ ಅಂಗಡಿಯ ಗಿಫ್ಟ್ ಕಾರ್ಡ್‌ಗೆ ಬೆಲೆ ಇದೆಯೇ? (ಬೆಂಗಳೂರು)

ಉತ್ತರ: ನೇರ ನಂಟಲ್ಲ, ದಾಯಾದಿ ನಂಟು. 1968ರಲ್ಲಿ ಸಿಡ್ನಿಯಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಅಂಗಡಿ ಡಿಕ್ ಸ್ಮಿತ್ 1980ರ ದಶಕದ ಆರಂಭದಲ್ಲಿ ವುಲ್‌ವರ್ತ್ಸ್ ಪಾಲಾಯಿತು. 2006ರಲ್ಲಿ ಟಾಟಾ ಕ್ರೋಮಾ ತೆರೆದಾಗ ಸರಕು ಖರೀದಿ, ತಾಂತ್ರಿಕ ನೆರವು ಕೊಟ್ಟದ್ದು ಅದೇ ವುಲ್‌ವರ್ತ್ಸ್. ಹಲವು ಬ್ರ್ಯಾಂಡ್‌ಗಳ ಚಿಲ್ಲರೆ ಮಾರಾಟಕ್ಕೆ ವಿದೇಶಿ ಬಂಡವಾಳ ಆಗ ನಮ್ಮಲ್ಲಿ ನಿಷಿದ್ಧ, ಸಗಟಿಗೆ ಅಡ್ಡಿಯಿರಲಿಲ್ಲ. ಹಾಗಾಗಿ ವುಲ್‌ವರ್ತ್ಸ್ ಸಗಟು ಕಂಪನಿಯಾಗಿ ಬಂತು. 2012ರಲ್ಲಿ ಆ ಸಗಟನ್ನು ಟಾಟಾ ಕೊಂಡಿತು, ಡಿಕ್ ಸ್ಮಿತ್ ಅನ್ನು ವುಲ್‌ವರ್ತ್ಸ್ ಬೇರೆಯವರಿಗೆ ಮಾರಿತು. 2016ರಲ್ಲಿ ಡಿಕ್ ಸ್ಮಿತ್ ಅಂಗಡಿಗಳು ಮುಚ್ಚಿದವು. ಗಿಫ್ಟ್ ಕಾರ್ಡ್ ಹಿಡಿದು ಬಂದವರಿಗೆ ಸಾಮಾನು ಸಿಗಲಿಲ್ಲ.

ಕಾರಣ ಸರಳ. ಕಾರ್ಡ್ ಇಟ್ಟುಕೊಂಡವರು ಕಾನೂನಿನ ಕಣ್ಣಿನಲ್ಲಿ ಅಡಮಾನವಿಲ್ಲದೆ ಕಂಪನಿಗೆ ಸಾಲ ಕೊಟ್ಟವರು, ಅಂದರೆ ಬ್ಯಾಂಕು, ನೌಕರರೆಲ್ಲ ಆದ ಮೇಲೆ ಸಾಲಿನ ಕೊನೆ. 1 ನವೆಂಬರ್ 2019ರಿಂದ ಆಸ್ಟ್ರೇಲಿಯಾದಲ್ಲಿ ಹೆಚ್ಚಿನ ಗಿಫ್ಟ್ ಕಾರ್ಡ್‌ಗಳಿಗೆ ಕನಿಷ್ಠ ಮೂರು ವರ್ಷ ವಾಯಿದೆ ಇರಲೇಬೇಕು, ಆದರೆ ಅಂಗಡಿಯೇ ಮುಳುಗಿದರೆ ಆ ವಾಯಿದೆ ಉಪಯೋಗಕ್ಕೆ ಬಾರದು. ಸುದ್ದಿ ಬಂದ ದಿನವೇ, ಮುಳುಗಿದ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾದ ಆಡಳಿತಗಾರರ ಪ್ರಕಟಣೆ ಓದಿ. ಕೆಲವರು ಕಾರ್ಡಿನ ಮೊತ್ತದಷ್ಟೇ ನಗದೂ ಕೊಟ್ಟರೆ ಮಾತ್ರ ಒಪ್ಪುವುದುಂಟು. ಇಲ್ಲವೇ ಇಲ್ಲ ಎಂದರೆ ಸಾಲ ಕೊಟ್ಟವರ ಪಟ್ಟಿಗೆ ಹೆಸರು ಕೊಡಿ. ಕಾರ್ಡನ್ನು ಕೊಂಡದ್ದು ಕ್ರೆಡಿಟ್ ಕಾರ್ಡಿನಲ್ಲಾದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಹಣ ಹಿಂದಿರುಗಿಸುವಂತೆ ಕೇಳುವ) ಅರ್ಜಿ ಬೇಗ ಹಾಕಿ, ಅದಕ್ಕೆ ಗಡುವಿದೆ.